ಕ್ಯಾಂಪರ್ ವ್ಯಾನ್‌ನಲ್ಲಿ ಒಂದು ದಿನ: ತೀರ್ಥಹಳ್ಳಿಯಿಂದ ಮರವಂತೆಗೆ ಹೋಗುವುದು ಹೇಗೆ?

ಬಾಡಿಗೆ ಕ್ಯಾಂಪರ್ ವ್ಯಾನ್ (ಒಳಗೇ ಹಾಸಿಗೆ, ಅಡುಗೆ ಜಾಗ, ಟಾಯ್ಲೆಟ್ ಇರುವ ಗಾಡಿ) ತೆಗೆದುಕೊಂಡು ಕರಾವಳಿಗೆ ಇಳಿಯುವವರು ಹೆಚ್ಚಾಗಿ ಮಾಡುವ ತಪ್ಪು ಒಂದೇ. ರಾತ್ರಿ ಎಲ್ಲಿ ನಿಲ್ಲಿಸುವುದು ಅಂತ ರಾತ್ರಿಯಾದ ಮೇಲೆ ಯೋಚಿಸುತ್ತಾರೆ. ಎಂಟು ಗಂಟೆಗೆ ಹೆಡ್‌ಲೈಟ್ ಹಾಕಿಕೊಂಡು ಬೀಚ್ ರಸ್ತೆಯಲ್ಲಿ ಹಿಂದೆ ಮುಂದೆ ಸುತ್ತುವ ವ್ಯಾನ್‌ಗಳನ್ನು ಡಿಸೆಂಬರ್ ರಜೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಹಿಂದಿನ ಚಕ್ರ ಮರಳಿನೊಳಗೆ, ಊರವರೆಲ್ಲ ತಳ್ಳುವುದಕ್ಕೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ದಾರಿ ಸುಮಾರು 150 ಕಿ.ಮೀ. ಕಾರಿಗೆ ಅರ್ಧ ದಿನ ಸಾಕು, ವ್ಯಾನ್‌ಗೆ ಇಡೀ ದಿನ ಇಟ್ಟುಕೊಳ್ಳಿ.

ಹಂತ 1: ಹೊರಡುವ ಮುನ್ನ

ಗ್ಯಾಸ್ ವಾಲ್ವ್ ಮುಚ್ಚಿ, ಫ್ರಿಜ್ ಬಾಗಿಲಿಗೆ ಲಾಕ್ ಹಾಕಿ, ಛಾವಣಿಯ ಕಿಟಕಿ ಮುಚ್ಚಿ, ಪಾತ್ರೆಗಳನ್ನು ಟವೆಲ್‌ನಲ್ಲಿ ಸುತ್ತಿ ಸಿಂಕ್‌ನೊಳಗಿಡಿ. ಅಷ್ಟೇ. ತಿಂಡಿ ಮಾತ್ರ ವ್ಯಾನ್‌ನಲ್ಲಿ ಮಾಡಬೇಡಿ, ತೀರ್ಥಹಳ್ಳಿಯಲ್ಲಿ ಹೋಟೆಲ್‌ಗೇನು ಬರವಾ? ವ್ಯಾನ್ ಒಳಗೆ ಕಾಫಿ, ಅನ್ನ, ಮ್ಯಾಗಿ ಇಷ್ಟಕ್ಕೇ ನಿಲ್ಲಿಸಿ. ಒಗ್ಗರಣೆ ಹಾಕಿದರೆ ಆ ವಾಸನೆ ಪರದೆ, ಹಾಸಿಗೆಯಲ್ಲೆಲ್ಲ ಕೂತುಬಿಡುತ್ತದೆ.

ಹಂತ 2: ಆಗುಂಬೆ ಇಳಿಯುವುದು

14 ಹೇರ್‌ಪಿನ್ ತಿರುವು. ಟೆಂಪೊ ಟ್ರಾವೆಲರ್ ಅಳತೆಯ ವ್ಯಾನ್ ಇಳಿಯುತ್ತದೆ, ಅದಕ್ಕಿಂತ ಉದ್ದದ್ದು ಬೇಡ. ಮೇಲಿನ ತಿರುವಿಗೆ ಬರುವ ಮೊದಲೇ ಎರಡನೇ ಗೇರ್‌ಗೆ ಹಾಕಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಬ್ರೇಕ್ ಒತ್ತಿ ಬಿಡಿ, ಒತ್ತಿ ಬಿಡಿ. ಉದ್ದಕ್ಕೂ ಒತ್ತಿಕೊಂಡೇ ಇಳಿದರೆ ಕಾದು ವಾಸನೆ ಬರುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಇದು ನಿಯಮವೇ. ಸೂರ್ಯಾಸ್ತದ ಜಾಗದ ಹತ್ತಿರ ಕಿಟಕಿ ಮುಚ್ಚಿರಿ. ಮಂಗಗಳು ಬಿಸ್ಕೆಟ್ ಪ್ಯಾಕ್ ಜೊತೆ ಫೋನನ್ನೂ ಒಯ್ದಾವು. ಸೋಮೇಶ್ವರದಲ್ಲಿ ನಿಲ್ಲಿಸಿ, ಒಂದು ಟೀ ಕುಡಿಯುವಷ್ಟು ಹೊತ್ತು ಬ್ರೇಕ್ ಆರಲಿ.

ಹಂತ 3: ಉಡುಪಿ

ಊಟ, ಡೀಸೆಲ್, ಟ್ಯಾಂಕ್ ತುಂಬ ನೀರು. ವ್ಯಾನ್ ತೆಗೆದುಕೊಂಡು ರಥಬೀದಿ ಕಡೆ ನುಗ್ಗಬೇಡಿ, ಹೊರಗೆ ನಿಲ್ಲಿಸಿ ಆಟೊದಲ್ಲಿ ಹೋಗಿ.

ಹಂತ 4: ರಾತ್ರಿಯ ಜಾಗ

ನಾಲ್ಕು ಗಂಟೆಗೆ ಮರವಂತೆಯಲ್ಲಿರಿ. ಡಿಸೆಂಬರ್‌ನಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕೆಲಸ ಎಲ್ಲ ಬೆಳಕಿನಲ್ಲೇ ಮುಗಿಯಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಚೆಂದ ಇದೆ, ಫೋಟೊ ತೆಗೆಯಿರಿ, ಆದರೆ ಅಲ್ಲಿ ಮಲಗಬೇಡಿ. ರಾತ್ರಿಯೆಲ್ಲ ಲಾರಿ ಓಡುತ್ತವೆ, ಒಂದೊಂದು ಹಾದುಹೋದಾಗಲೂ ಮಂಚ ಅಲುಗುತ್ತದೆ.

ಒಳರಸ್ತೆಯಲ್ಲಿ ಹೋಮ್‌ಸ್ಟೇ ಅಥವಾ ಯಾರದಾದರೂ ಮನೆಯಂಗಳ ಹುಡುಕಿ. ವ್ಯಾನ್ ಅಲ್ಲೇ ಬಿಟ್ಟು ನಡೆದು ಹೋಗಿ ಕೇಳಿ: "ಅಣ್ಣ, ಒಂದು ರಾತ್ರಿ ಗಾಡಿ ನಿಲ್ಲಿಸಿಕೊಳ್ಳಬಹುದಾ? ದುಡ್ಡು ಕೊಡ್ತೇವೆ." ಹೆಚ್ಚಿನವರು "ನಿಲ್ಸಿ ಮಾರಾಯ್ರೆ" ಅನ್ನುತ್ತಾರೆ. ಬೇಡ ಅಂದರೆ ವಾದ ಮಾಡದೆ ಮುಂದೆ ಹೋಗಿ.

ಜಾಗ ಸಿಕ್ಕಿತು ಅಂತ ಕೂಡಲೇ ಗಾಡಿ ನುಗ್ಗಿಸಬೇಡಿ. ಮೊದಲು ನೆಲ. ಹಿಮ್ಮಡಿ ಊರಿ ನೋಡಿ, ಹೂತುಕೊಂಡರೆ ಚಕ್ರವೂ ಹೂತುಕೊಳ್ಳುತ್ತದೆ. ಮುರಕಲ್ಲಿನ ಗಟ್ಟಿ ನೆಲ ಒಳ್ಳೆಯದು, ಮರಳು ಮತ್ತು ಒದ್ದೆ ಗದ್ದೆ ಬೇಡವೇ ಬೇಡ. ಆಮೇಲೆ ತಲೆ ಎತ್ತಿ. ಕಂಬದಿಂದ ಮನೆಗೆ ಎಳೆದ ವೈರ್ ಜೋಲುತ್ತಿದೆಯಾ? ಛಾವಣಿ ಮೇಲೆ ಎಸಿ ಇರುವ ವ್ಯಾನ್ ನೀವು ಅಂದುಕೊಂಡಿದ್ದಕ್ಕಿಂತ ಎತ್ತರ ಇರುತ್ತದೆ, ಬಾಡಿಗೆಗೆ ಕೊಡುವಾಗಲೇ ಅಳತೆ ಕೇಳಿ ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ. ತೆಂಗಿನ ಮರದ ನೆರಳು ಎಷ್ಟೇ ತಂಪಾಗಿದ್ದರೂ ಅದರ ಕೆಳಗೆ ಬೇಡ. ಕಾಯಿ ಬಿದ್ದರೆ ಛಾವಣಿಯ ಸೋಲಾರ್ ಪ್ಯಾನೆಲ್ ಕಥೆ ಮುಗಿಯಿತು.

ಯಾವಾಗಲೂ ರಿವರ್ಸ್‌ನಲ್ಲೇ ಒಳಗೆ ಹೋಗಿ, ಮೂತಿ ರಸ್ತೆ ಕಡೆಗಿರಲಿ. ರಾತ್ರಿ ಏನಾದರೂ ಆದರೆ ನೇರ ಹೊರಡಬಹುದು. ಒಬ್ಬರು ಕೆಳಗಿಳಿದು ಹಿಂದೆ ನಿಲ್ಲಲಿ, ಕನ್ನಡಿಯಲ್ಲಿ ಕಾಣುವ ಕಡೆಯೇ ನಿಲ್ಲಲಿ. ಕ್ಯಾಮೆರಾ ನಂಬಿಕೊಂಡು ತುಳಸಿಕಟ್ಟೆಗೆ ಗುದ್ದಿದವರಿದ್ದಾರೆ.

ಇನ್ನು ಮಟ್ಟ. ಒಳಗೆ ನೆಲದ ಮೇಲೆ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ನೀರು ಯಾವ ಕಡೆ ಹರಿಯಿತೋ ಆ ಕಡೆಯ ಚಕ್ರದ ಮುಂದೆ ಹಲಗೆ ಇಟ್ಟು ಮೆಲ್ಲಗೆ ಹತ್ತಿಸಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ರ‍್ಯಾಂಪ್ ತಗೊಳ್ಳಬೇಡಿ, ಭಾರಕ್ಕೆ ಸೀಳುತ್ತದೆ. ಸಾ ಮಿಲ್‌ನಲ್ಲಿ ನಾಲ್ಕು ದಪ್ಪ ಹಲಗೆ ಕೊಯ್ಯಿಸಿಕೊಂಡರೆ ಸಾಕು. ಹ್ಯಾಂಡ್‌ಬ್ರೇಕ್, ಗೇರ್, ಚಕ್ರಕ್ಕೆ ಕಲ್ಲು, ಮೂರೂ ಬೇಕು. ಚೂರು ಓರೆ ಉಳಿದರೆ ತಲೆ ಮೇಲಿನ ಕಡೆಗೆ ಬರುವಂತೆ ಮಲಗಿ.

ಕರೆಂಟ್ ಲೆಕ್ಕವನ್ನೂ ಸುಮ್ನೆ ಬಿಡಬೇಡಿ. 12 ವೋಲ್ಟ್, 200 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಒಟ್ಟು 2.4 ಯೂನಿಟ್. ಎಸಿ ಗಂಟೆಗೆ ಒಂದು ಯೂನಿಟ್ ಎಳೆದರೆ ಊಟ ಮುಗಿಯುವಷ್ಟರಲ್ಲಿ ಖಾಲಿ. ಮನೆಯವರು ಪ್ಲಗ್ ಕೊಟ್ಟರೆ ದಪ್ಪ ವೈರ್‌ನ ಎಕ್ಸ್‌ಟೆನ್ಶನ್ ಬಳಸಿ, ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ. ಸುತ್ತಿಟ್ಟ ಹಾಗೇ ಎಸಿ ಓಡಿಸಿದರೆ ಕಾದು ಕರಗುತ್ತದೆ. ಪ್ಲಗ್ ಇಲ್ಲದಿದ್ದರೆ ಫ್ಯಾನ್, ಸೊಳ್ಳೆ ಪರದೆ, ತೆರೆದ ಕಿಟಕಿ. ನನ್ನನ್ನು ಕೇಳಿದರೆ ಅದೇ ವಾಸಿ.

ಎಸಿಗಾಗಿ ಇಂಜಿನ್ ಅಥವಾ ಜನರೇಟರ್ ಹಾಕಿಕೊಂಡು ಮಾತ್ರ ಮಲಗಲೇಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಸತ್ತರು, ಜನರೇಟರ್‌ನ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಒಳಗೆ ಬಂದಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಈ ಅನಿಲ ಬಂದರೆ ಕೂಗುವ ಅಲಾರಂ ಒಂದು ತಂದು ಹಾಸಿಗೆ ಹತ್ತಿರ ಹಾಕಿ.

ಹಂತ 5: ಬೆಳಿಗ್ಗೆ ಟಾಯ್ಲೆಟ್ ಖಾಲಿ ಮಾಡುವುದು

ಯಾರೂ ಹೇಳಿಕೊಡದ ಕೆಲಸ ಇದು. ವಿದೇಶದಲ್ಲಿರುವಂತೆ ಇದಕ್ಕೆಂದೇ ಮಾಡಿದ ಜಾಗ ನಮ್ಮ ಹೆದ್ದಾರಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕ್ಯಾಸೆಟ್, ಅಂದರೆ ಟಾಯ್ಲೆಟ್ ಕೆಳಗಿರುವ ಮಲದ ಡಬ್ಬಿಯನ್ನು ಎಳೆದು ತೆಗೆದು, ಮನೆಯವರನ್ನೋ ಪೆಟ್ರೋಲ್ ಬಂಕ್‌ನವರನ್ನೋ ಕೇಳಿ, ಕಮೋಡ್‌ಗೆ ಸ್ವಲ್ಪ ಸ್ವಲ್ಪವೇ ಸುರಿದು ನೀರು ಹಾಕಿ. ಹೊಳೆಗೆ, ಸಮುದ್ರಕ್ಕೆ, ಚರಂಡಿಗೆ ಸುರಿಯುವವರಿಗೆ ಊರವರು ಬೈದರೆ ನನ್ನ ಬೆಂಬಲ ಊರವರಿಗೇ. ಅದಕ್ಕೆ ಅಂತ ಒಂದು ಬಕೆಟ್, ಒಂದು ಜೊತೆ ಗ್ಲೌಸ್ ಪ್ರತ್ಯೇಕ ಇಡಿ. ಬಕೆಟ್ ಕೆಂಪು ಬಣ್ಣದ್ದೇ ಇರಲಿ, ಅಡುಗೆ ನೀರಿನ ಬಕೆಟ್ ಜೊತೆ ಅದಲು ಬದಲಾಗಬಾರದು.