ಪೈಗೆ ಸಣ್ಣ ಓಎಲ್ಇಡಿ ಸ್ಕ್ರೀನ್ ಹಚ್ಚಿ ನಾ ಏನೇನ್ ನೋಡ್ತೀನಿ: ನನ್ನ ಅನುಭವ

ನಮ್ಮನ್ಯಾಗ ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಷ್ಟು ಸಣ್ಣ ಕಂಪ್ಯೂಟರ್ ಹಗಲು ರಾತ್ರಿ ಚಾಲೂ ಇರ್ತದ, ಫೋಟೊ ಬ್ಯಾಕಪ್ ಎಲ್ಲಾ ಅದರ ಮ್ಯಾಲೇ. ಕಲಬುರಗಿ ಬ್ಯಾಸಗ್ಯಾಗ ಇದಕ್ಕ ಭಾಳ ತ್ರಾಸು, ಚಿಪ್ 80 ಡಿಗ್ರಿ ದಾಟ್ತು ಅಂದ್ರ ಪೈ ತಾನೇ ಸ್ಪೀಡ್ ಇಳಿಸ್ಕೋತದ, ಲಾಗಿನ್ ಆಗಿ ನೋಡೋತನ ನಮಗ ಗೊತ್ತೇ ಆಗಲ್ಲ. ಅದಕ್ಕ 0.96 ಇಂಚಿನ ಓಎಲ್ಇಡಿ ತಂದು ಹಚ್ಚೀನಿ, ಎಸ್‌ಎಸ್‌ಡಿ1306 ಚಿಪ್ಪಿಂದು, 128 ಇಂಟು 64 ಪಿಕ್ಸೆಲ್.

ವೈರಿಂಗ್ ಏನೂ ದೊಡ್ಡ ಕೆಲಸ ಇಲ್ರಿ. ಪಿನ್ 1 ರಿಂದ 3.3 ವೋಲ್ಟ್, 3 ಎಸ್‌ಡಿಎ (ಡೇಟಾ), 5 ಎಸ್‌ಸಿಎಲ್ (ಕ್ಲಾಕ್), 6 ಗ್ರೌಂಡ್, ಆಮ್ಯಾಲ ಪೈದಾಗ ಐ2ಸಿ (ಅವೇ ವೈರಿನ ಮ್ಯಾಲ ಹಲವು ಚಿಪ್ ಮಾತಾಡೋ ಪದ್ಧತಿ) ಆನ್ ಮಾಡೋದು ಅಷ್ಟೇ. ರೂಮಿನ ಟೆಂಪರೇಚರ್, ಹ್ಯುಮಿಡಿಟಿ (ಗಾಳ್ಯಾಗಿನ ಹಸಿ) ಅಳೆಯೋ ಸೆನ್ಸರ್ ಮಾತ್ರ ವಿಚಾರ ಮಾಡಿ ತಗೋರಿ. ಡಿಎಚ್‌ಟಿ22 ಎಲ್ಲಾ ಕಡೆ ಸಿಗ್ತದ, ಖರೇ, ಆದ್ರ ಅದು ಮೈಕ್ರೋಸೆಕೆಂಡ್ ಲೆಕ್ಕದಾಗ ಸಿಗ್ನಲ್ ಕಳಿಸ್ತದ, ಪೈ ನಡಸೋ ಲಿನಕ್ಸ್ ನಡುವ ಬ್ಯಾರೆ ಕೆಲಸಕ್ಕ ಹೋಯ್ತಂದ್ರ ಆ ರೀಡಿಂಗ್ ಹೋದಂಗೇ. ನಾ ಬಿಎಂಇ280 ಹಾಕೀನಿ, ಅದೂ ಐ2ಸಿ, ಡಿಸ್‌ಪ್ಲೇದು ಅಡ್ರೆಸ್ 3ಸಿ ಇದರದ್ದು 76 (ಎರಡೂ ಹೆಕ್ಸ್, ಅಂದ್ರ 16 ರ ಲೆಕ್ಕದಾಗ), ಅವೇ ನಾಕು ವೈರಿನ ಮ್ಯಾಲ ಎರಡೂ ನಡೀತಾವ. ತಂದ ಮ್ಯಾಲ ಚಿಪ್ಪಿನ ಐಡಿ ಓದಿ ನೋಡ್ರಿ, ಹೆಕ್ಸ್‌ದಾಗ 60 ಬಂದ್ರ ಬಿಎಂಇ, 58 ಬಂದ್ರ ಅದು ಬಿಎಂಪಿ280, ಹ್ಯುಮಿಡಿಟಿ ತೋರಸಲ್ಲ. ಮತ್ತ ಸೆನ್ಸರ್ ಪೈ ಮಗ್ಗಲಕ್ಕೇ ಇಡಬ್ಯಾಡ್ರಿ, ಅದರ ಝಳಾನೇ ರೂಮಿನ ಟೆಂಪರೇಚರ್ ಅಂತ ಬರ್ತದ, ನಾ ಉದ್ದ ವೈರ್ ಎಳ್ದು ಗೋಡಿ ಮ್ಯಾಲ ಇಟ್ಟೀನಿ.

ಈಗ ಏನ್ ತೋರ್ಸಬೇಕು ಅನ್ನೋದು. ಎಲ್ಲಾರೂ ಐಪಿ ಅಡ್ರೆಸ್, ರ್‍ಯಾಮ್, ಡಿಸ್ಕ್ ಹಾಕ್ತಾರ, ನನಗ ಅದರಿಂದ ಉಪಯೋಗ ಕಾಣ್ಲಿಲ್ಲ. ಚಿಪ್ 65 ಅದ ಅಂತ ಒಂದೇ ನಂಬರ್ ಕಂಡ್ರೂ ಏನೂ ತಿಳಿಯಲ್ಲ, ರೂಮ್ 40 ಇದ್ದಾಗ 65 ಅಂದ್ರ ಸರಿ ಅದ, ಅದೇ ಡಿಸೆಂಬರ್‌ದಾಗ ರೂಮ್ 24 ಇದ್ದಾಗ ಅಷ್ಟೇ ಲೋಡಿಗೆ 65 ಬಂತಂದ್ರ ಫ್ಯಾನ್ ನಿಂತದ ಇಲ್ಲಾ ಹೀಟ್‌ಸಿಂಕಿಗೆ (ಚಿಪ್ಪಿನ ಕಾವು ಹೊರಗ ಹಾಕೋ ಲೋಹದ ತುಂಡಿಗೆ) ಧೂಳ್ ಕೂತದ. ಹಿಂಗಾಗಿ ಚಿಪ್ಪಿಂದು ರೂಮಿಂದು ಫರಕ್ ತೆಗ್ದು ಅದನ್ನೇ ದೊಡ್ಡ ಅಕ್ಷರದಾಗ ಹಾಕೀನಿ, ಬಾಜೂಕ ಸಣ್ಣಗ ಸಿಪಿಯು ಲೋಡ್. ಚಿಪ್ ಟೆಂಪರೇಚರ್ ಲಿನಕ್ಸಿನ ಥರ್ಮಲ್ ಝೋನ್ ಫೈಲಿನಾಗೇ ಅದ, ಸಾವಿರದಿಂದ ಭಾಗ್ಸಿದ್ರ ಡಿಗ್ರಿ ಬರ್ತದ, ಲೋಡಿಗೆ ಪೈಥಾನಿನ ಪಿಎಸ್‌ಯುಟಿಲ್ ಲೈಬ್ರರಿ ಸಾಕು.

ಕೆಳಗಿನ ಸಾಲು ಹ್ಯುಮಿಡಿಟಿ, ಅದು ಕೂಲರ್ ಸಲುವಾಗಿ. ಖಿಡಕಿ ಮುಚ್ಚಿ ಕೂಲರ್ ಹಚ್ಚಿದ್ರ ಹಸಿ ಏರ್ಕೋತ ಹೋಗ್ತದ, ಗಾಳಿ ನೀರ್ ಹಿಡಿಯೋದು ಕಮ್ಮಿ ಆದಂಗ ತಂಪೂ ಕಮ್ಮಿ. ಹ್ಯುಮಿಡಿಟಿ 70 ಪರ್ಸೆಂಟ್ ದಾಟಿದ್ರ ಸ್ಕ್ರೀನ್ ಉಲ್ಟಾ, ಅಂದ್ರ ಬೆಳಕಿನ ಮ್ಯಾಲ ಕರಿ ಅಕ್ಷರ, ಆಗ್ತದ, ಅವ್ವ ನೋಡಿ ಖಿಡಕಿ ತೆಗೀತಾಳ.

ಅವ್ವಗ ಓದ್ಲಿಕ್ಕ ಬರ್ಲಿ ಅಂತ ಎಲ್ಲಾ ಕನ್ನಡದಾಗೇ ಹಾಕೀನಿ, ಇದ್ರಾಗೇ ಜಾಸ್ತಿ ಟೈಮ್ ಹೋಗಿದ್ದು. ಅಕ್ಷರಾನ ಚಿತ್ರ ಮಾಡೋ ಪೈಥಾನಿನ ಪಿಲ್ಲೋ ಲೈಬ್ರರಿ ಬರೇ ಬೇಸಿಕ್ ಲೇಔಟಿನಾಗ ಇದ್ರ ಒತ್ತಕ್ಷರ ಕೂಡಂಗಿಲ್ಲ, ಬಿಡಿ ಬಿಡಿ ಬೀಳ್ತಾವ. ಅಕ್ಷರ ಕೂಡಿಸೋ ಲಿಬ್‌ರಾಕ್ಮ್ ಲೈಬ್ರರಿ ಹಾಕಿ ಲೇಔಟ್ ಇಂಜಿನ್ ರಾಕ್ಮ್ ಅಂತ ಕೊಟ್ರ, ನೋಟೊ ಸಾನ್ಸ್ ಕನ್ನಡ ಫಾಂಟ್‌ದಾಗ ಸರಿಯಾಗಿ ಬರ್ತದ, ಅಕ್ಷರ ಜರಾ ದೊಡ್ಡವೇ ಇಡ್ರಿ, ಇಲ್ಲಾಂದ್ರ ಒತ್ತು ಪಿಕ್ಸೆಲ್‌ದಾಗ ಕಲಸಿ ಹೋಗ್ತದ. ಆ ಚಿತ್ರ ಸ್ಕ್ರೀನಿಗೆ ಕಳಿಸ್ಲಾಕ ಲೂಮಾ ಓಎಲ್ಇಡಿ ಅನ್ನೋ ಲೈಬ್ರರಿ ಬಳಸೀನಿ.

ಕರೆಂಟ್ ಹೋಗಿ ಬಂದ್ರ ತಾನೇ ಚಾಲೂ ಆಗ್ಲಿ ಅಂತ ಸಿಸ್ಟಮ್‌ಡಿ (ಲಿನಕ್ಸ್ ಚಾಲೂ ಆಗೋವಾಗ ಪ್ರೋಗ್ರಾಂ ಎಬ್ಬಿಸೋದು) ಸರ್ವಿಸ್ ಮಾಡ್ರಿ. ಓಎಲ್ಇಡಿ ಒಂದೇ ಜಾಗದಾಗ ಒಂದೇ ಅಕ್ಷರ ತೋರಿಸ್ಕೋತ ಇದ್ರ ಆ ಪಿಕ್ಸೆಲ್ ಮಬ್ಬಾಗ್ತಾವ, ಅದಕ್ಕ ಸಾಲುಗಳನ್ನ ಆಗಾಗ ಎರಡ್ಮೂರು ಪಿಕ್ಸೆಲ್ ಸರಸ್ತೀನಿ, ರಾತ್ರಿ 11 ಕ್ಕ ಸ್ಕ್ರೀನ್ ಬಂದ್.