ಸೋಮವಾರದ ಕಂಬ ಯಾಕೆ ಗಿಡ್ಡ?

ಆರನೇ ತರಗತಿಯ ಒಬ್ಬ ಹುಡುಗಿ ಸ್ತಂಭಾಲೇಖವನ್ನು, ಅಂದರೆ ಕಂಬಗಳ ಎತ್ತರದಿಂದ ಲೆಕ್ಕ ತೋರಿಸುವ ಬಾರ್ ಗ್ರಾಫನ್ನು, ತುಂಬಾ ಅಂದವಾಗಿ ಬರೆದಿದ್ದಳು. ಸ್ಕೇಲ್ ಇಟ್ಟು ಎಳೆದ ಗೆರೆ, ಮೂರು ಬಣ್ಣ, ಮೇಲೆ ಶೀರ್ಷಿಕೆ. ಬಿಸಿಯೂಟದಲ್ಲಿ ಚಿಕ್ಕಿ, ಬಾಳೆಹಣ್ಣು, ಮೊಟ್ಟೆ ತೆಗೆದುಕೊಂಡ ಮಕ್ಕಳ ಲೆಕ್ಕ ಅದು. ರೈಟ್ ಹಾಕಿ ಮುಂದಿನ ಪುಸ್ತಕಕ್ಕೆ ಕೈ ಹಾಕಿದೆ. ಏನೋ ಸರಿ ಇಲ್ಲ ಅನ್ನಿಸಿ ಮತ್ತೆ ನೋಡಿದೆ. ಕಂಬಗಳು ಮೆಟ್ಟಿಲಿನ ಹಾಗೆ ಒಂದೇ ಸಮ ಏರಿದ್ದವು. ಅಂಕಿಗಳು ಮಾತ್ರ 6, 9, 19.

ಎಡಗಡೆಯ ಗೆರೆ ನೋಡಿದಾಗ ಗುಟ್ಟು ಗೊತ್ತಾಯಿತು. ಸೊನ್ನೆಯಿಂದ ಒಂದು ಸೆಂಟಿಮೀಟರ್ ಮೇಲೆ 6 ಬರೆದಿದ್ದಾಳೆ. ಇನ್ನೊಂದು ಸೆಂಟಿಮೀಟರ್ ಬಿಟ್ಟು 9, ಮತ್ತೊಂದು ಬಿಟ್ಟು 19. ಲೆಕ್ಕದಲ್ಲಿದ್ದ ಅಂಕಿಗಳನ್ನೇ ಒಂದರ ಮೇಲೊಂದು ಕೂರಿಸಿದ್ದಾಳೆ! ಉಳಿದ ಪುಸ್ತಕಗಳನ್ನೂ ತೆಗೆದು ನೋಡಿದೆ. 34 ಮಕ್ಕಳಲ್ಲಿ 11 ಮಂದಿ ಇದನ್ನೇ ಮಾಡಿದ್ದರು.

ತಪ್ಪು ನನ್ನದೇ. ಇಷ್ಟು ವರ್ಷ ಬೋರ್ಡಿನ ಮೇಲೆ ಎಡಗಡೆಯ ಗೆರೆ ನಾನೇ ಎಳೆದು, 'ಪ್ರಮಾಣ: 1 ಸೆಂ.ಮೀ = 5 ಮಕ್ಕಳು' ಅಂತ ನಾನೇ ಬರೆದುಕೊಡುತ್ತಿದ್ದೆ. ಅಸಲಿ ಗಣಿತ ಇರುವುದು ಅಲ್ಲೇ. ಮಕ್ಕಳ ಪಾಲಿಗೆ ಉಳಿಯುತ್ತಿದ್ದದ್ದು ಬಣ್ಣ ತುಂಬುವ ಕೆಲಸ.

ಮನೆಯಿಂದ ಒಂದೊಂದು ಖಾಲಿ ಬೆಂಕಿಪೊಟ್ಟಣ ತನ್ನಿ ಅಂದೆ. ಒಂದು ಪೊಟ್ಟಣ ಅಂದರೆ ಒಂದು ಮಗು. ನಿನ್ನೆ ಊಟಕ್ಕೆ ಏನು ತೆಗೆದುಕೊಂಡೆಯೋ ಆ ಸಾಲಿನಲ್ಲಿ ನಿನ್ನ ಪೊಟ್ಟಣ ಪೇರಿಸು. ಹದಿಮೂರನೇ ಪೊಟ್ಟಣ ಇಡುವಾಗ ಮೊಟ್ಟೆಯ ಕಂಬ ದಬಾರ್ ಅಂತ ಬಿತ್ತು. ಒಳ್ಳೆಯದೇ ಆಯಿತು ಅನ್ನಿ. ಎಲ್ಲವನ್ನೂ ನೆಲದ ಮೇಲೆ ಮಲಗಿಸಿ ಜೋಡಿಸಿದೆವು. ಕಂಬ ನಿಂತೇ ಇರಬೇಕು ಅಂತೇನಿಲ್ಲ, ಅಲ್ವಾ? 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಪ್ರಕಟಿಸಿದ ಹೆಸರಾಂತ ಸ್ತಂಭಾಲೇಖದಲ್ಲೂ ಕಂಬಗಳು ಮಲಗಿಯೇ ಇವೆ. ಸ್ಕಾಟ್ಲೆಂಡು 17 ದೇಶಗಳ ಜೊತೆ ನಡೆಸಿದ ವ್ಯಾಪಾರದ ಲೆಕ್ಕ ಅದು. ಅವನ ಕೈಲಿದ್ದದ್ದು ಒಂದೇ ವರ್ಷದ ಅಂಕಿ. ವರ್ಷದಿಂದ ವರ್ಷಕ್ಕೆ ಏರಿಳಿಯುವ ಗೆರೆ ಎಳೆಯಲು ಆಗದೆ ಕಂಬ ಬರೆದ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ "ಮೋಸ ಮಿಸ್!" ಅಂತ ಕೂಗಿದ. ಚಿಕ್ಕಿಯ ಸಾಲಿನಲ್ಲಿ ನಾಲ್ಕು ಪೊಟ್ಟಣಗಳು ದೊಡ್ಡ ಸೈಜಿನವು. ಆರೇ ಪೊಟ್ಟಣ ಇದ್ದರೂ ಆ ಸಾಲು ಒಂಬತ್ತು ಪೊಟ್ಟಣದ ಬಾಳೆಹಣ್ಣಿನ ಸಾಲನ್ನು ದಾಟಿತ್ತು. ಎಲ್ಲ ಖಾನೆಯೂ ಒಂದೇ ಅಳತೆ ಇರಬೇಕು ಅನ್ನುವ ಪಾಠ ನಾನು ಮಾಡಬೇಕಾಗಲೇ ಇಲ್ಲ. ದೊಡ್ಡವನ್ನು ತೆಗೆಸಿ ಚಿಕ್ಕವು ಇಟ್ಟರು. ಮೆಟ್ಟಿಲು ಬರೆದಿದ್ದ ಹುಡುಗಿ ತನ್ನ ಪುಸ್ತಕ ತಂದು ಪಕ್ಕದಲ್ಲಿ ಇಟ್ಟುಕೊಂಡಳು. ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಮಿಸ್, 9ರಿಂದ 19ಕ್ಕೆ ಹತ್ತು ಪೊಟ್ಟಣ ಬೇಕು. ನಾನು ಒಂದೇ ಖಾನೆ ಕೊಟ್ಟಿದ್ದೀನಿ" ಅಂದಳು.

ಆಮೇಲೆ ಇಡೀ ಶಾಲೆಯ ಲೆಕ್ಕಕ್ಕೆ ಕೈ ಹಾಕಿದೆವು. ನಮ್ಮಲ್ಲಿ ಈಗ ವಾರದಲ್ಲಿ ಆರು ದಿನ ಮೊಟ್ಟೆ ಕೊಡುತ್ತಾರೆ. ಊಟದ ಸಾಲಿನ ಪಕ್ಕ ಇಬ್ಬರು ಮಕ್ಕಳು ನಿಂತು ತಾಳೆ ಗುರುತು ಹಾಕಿದರು. ನಾಲ್ಕು ಗೆರೆ ನೇರ, ಐದನೆಯದು ಅಡ್ಡ. ಸೋಮವಾರ 31, ಮಂಗಳವಾರ 74, ಬುಧವಾರ 78, ಗುರುವಾರ 70, ಶುಕ್ರವಾರ 66, ಶನಿವಾರ 29.

ಈಗ ಪ್ರಮಾಣ ಎಷ್ಟು? ನಾನು ಬಾಯಿ ಬಿಡಲಿಲ್ಲ. ಒಂದು ಗುಂಪು 1 ಸೆಂ.ಮೀ = 1 ಮೊಟ್ಟೆ ಅಂದುಕೊಂಡು ಹೊರಟಿತು. 78 ಸೆಂಟಿಮೀಟರ್ ಹಾಳೆ ಎಲ್ಲಿಂದ ತರೋಣ? ಇನ್ನೊಂದು ಗುಂಪು 7 ಇಟ್ಟುಕೊಂಡಿತು. 70ಕ್ಕೆ ಸರಿಯಾಗಿ 10 ಸೆಂ.ಮೀ ಬಂತು, ಖುಷಿಯೋ ಖುಷಿ. 31ಕ್ಕೆ ಬಂದು ಸಿಕ್ಕಿಹಾಕಿಕೊಂಡರು. ಕೊನೆಗೆ 10ಕ್ಕೆ ಬಂದು ನಿಂತರು. ಗ್ರಾಫ್ ಹಾಳೆಯ ಒಂದು ಪುಟಾಣಿ ಖಾನೆ, ಅಂದರೆ ಒಂದು ಮಿಲಿಮೀಟರ್, ಒಂದು ಮೊಟ್ಟೆ. 31 ಅಂದರೆ 3 ಸೆಂ.ಮೀ 1 ಮಿ.ಮೀ. ಕಂಬದ ಅಗಲ, ನಡುವಿನ ಜಾಗ ಎಲ್ಲ ಒಂದೇ ಸಮ ಇರಬೇಕು ಅನ್ನುವುದಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ.

ಓದಿಸುವಾಗಲೂ ಪ್ರಶ್ನೆ ಬದಲಾಯಿಸಿದೆ. 'ಬುಧವಾರ ಎಷ್ಟು?' ಅಂದರೆ ಕಣ್ಣಿದ್ದವರೆಲ್ಲ ಹೇಳುತ್ತಾರೆ. 'ಸೋಮವಾರಕ್ಕಿಂತ ಎಷ್ಟು ಜಾಸ್ತಿ?' ಅಂದಾಗ ಎರಡು ಕಂಬ ಒಟ್ಟಿಗೆ ನೋಡಬೇಕು. 'ಸೋಮವಾರದ ಕಂಬ ಯಾಕೆ ಗಿಡ್ಡ?' ಅಂದಾಗ ಮಾತ್ರ ಅರ್ಧ ತರಗತಿ ಎದ್ದು ನಿಂತಿತು. "ಸೋಮವಾರ ನಮ್ಮನೇಲಿ ಮೊಟ್ಟೆ ತಿನ್ನಲ್ಲ ಮಿಸ್." "ನಮ್ಮನೇಲಿ ಶನಿವಾರ." ಉತ್ತರ ಹಾಳೆಯಲ್ಲಿ ಇರಲಿಲ್ಲ, ಅವರ ಮನೆಯಲ್ಲಿತ್ತು.

ಇನ್ನೊಂದು ದಿನ ಒಂದು ಟ್ಯೂಷನ್‌ನವರ ಪಾಂಪ್ಲೆಟ್ ತಂದೆ. ಮೂರು ವರ್ಷದ ಫಲಿತಾಂಶ: 92, 95, 98. ಕೊನೆಯ ಕಂಬ ಮೊದಲನೆಯದರ ನಾಲ್ಕರಷ್ಟು ಎತ್ತರ! ಎಡಗಡೆಯ ಗೆರೆ 90ರಿಂದ ಶುರುವಾಗಿತ್ತು, ಅಷ್ಟೇ. 90ರ ಮೇಲೆ ಕಾಣುವುದು 2, 5, 8 ಮಾತ್ರ. ಸೊನ್ನೆಯಿಂದ ಬರೆಸಿದೆ. ಮೂರೂ ಕಂಬ ಅಕ್ಕಪಕ್ಕದ ಅಣ್ಣತಮ್ಮಂದಿರ ಹಾಗೆ ಹೆಚ್ಚೂಕಮ್ಮಿ ಒಂದೇ ಎತ್ತರ ನಿಂತವು. ಬರೆದಿದ್ದ ಅಂಕಿ ಒಂದೂ ಸುಳ್ಳಲ್ಲ, ಚಿತ್ರ ಮಾತ್ರ ಸುಳ್ಳು ಹೇಳುತ್ತಿತ್ತು. ಈಗ ನನ್ನ ಮಕ್ಕಳು ಯಾವ ಗ್ರಾಫ್ ಕೊಟ್ಟರೂ ಮೊದಲು ಎಡಗಡೆಯ ಕೆಳಮೂಲೆಗೆ ಬೆರಳಿಡುತ್ತಾರೆ.

ಮೊಟ್ಟೆಯ ಗ್ರಾಫನ್ನು ಅಡುಗೆ ಕೋಣೆಯ ಬಾಗಿಲ ಪಕ್ಕ ಅಂಟಿಸಿದೆವು. ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಬಂದು ನೋಡಿದರು. "ಶ್ರಾವಣ ಬರಲಿ ಮಿಸ್, ಈ ಕಂಬ ಎಲ್ಲಾ ಗಿಡ್ಡ ಆಗುತ್ತೆ. ಆಗ ಇನ್ನೊಂದು ಬರೆಸಿ" ಅಂದರು. ಪಕ್ಕದಲ್ಲೇ ಒಂದು ಖಾಲಿ ಗ್ರಾಫ್ ಹಾಳೆ ಅಂಟಿಸಿದ್ದೇವೆ. ಮಕ್ಕಳು ಅದರಲ್ಲಿ ಎಡಗಡೆಯ ಗೆರೆ ಮಾತ್ರ ಎಳೆದು, ಸೊನ್ನೆಯಿಂದ 80ರವರೆಗೆ ಹತ್ತತ್ತರ ಲೆಕ್ಕದಲ್ಲಿ ಬರೆದಿದ್ದಾರೆ. ಎರಡಕ್ಕೂ ಒಂದೇ ಪ್ರಮಾಣ ಇರದಿದ್ದರೆ ಹೋಲಿಸೋದು ಹೇಗೆ ಮಿಸ್, ಅಂತ ಅವರೇ ಕೇಳಿದರು.