ದಿನಕ್ಕೆ ಎಷ್ಟು ಯೂನಿಟ್? ಮೀಟರ್ ಮುಂದೆ ನಿಂತು ಲೆಕ್ಕ ಹಾಕಿ

ಕರೆಂಟ್ ಬಿಲ್ ಏರಿದ ತಿಂಗಳು ಎಲ್ಲರ ಕಣ್ಣೂ ಮೊದಲು ಬಲ್ಬಿನ ಮೇಲೆ ಬೀಳುತ್ತದೆ. ಆದರೆ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂದು ಯೂನಿಟ್ ಮುಗಿಸಬೇಕಾದರೆ 111 ಗಂಟೆ ಉರಿಯಬೇಕು. 2,000 ವ್ಯಾಟ್‌ನ ಗೀಸರ್‌ಗೆ ಅರ್ಧ ಗಂಟೆ ಸಾಕು. ಕರೆಂಟ್ ಎಲ್ಲಿ ಹೋಗುತ್ತಿದೆ ಎಂದು ಅಳೆದ ಮೇಲೆಯೇ ಉಳಿತಾಯದ ಮಾತು. ಅಳೆಯಲು ಬೇಕಿರುವುದು ಮನೆಯ ಮೀಟರ್, ಸೆಕೆಂಡ್ ತೋರಿಸುವ ಗಡಿಯಾರ ಮತ್ತು ಒಂದು ನೋಟ್‌ಬುಕ್.

ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದ ಮನೆಗಳಿಗೆ ಈ ಲೆಕ್ಕ ಇನ್ನೂ ಮುಖ್ಯ. 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚು. ಸರಾಸರಿ 150 ಇದ್ದ ಮನೆಗೆ 165 ಯೂನಿಟ್, ಅಂದರೆ ದಿನಕ್ಕೆ ಐದೂವರೆ. ಇದನ್ನು ದಾಟಿ 195 ಬಳಸಿದರೆ ಹೆಚ್ಚುವರಿ 30ಕ್ಕೆ ಮಾತ್ರ ಹಣ ಕಟ್ಟಬೇಕು. ಆದರೆ ಯೋಜನೆಯ ಮಿತಿ 200; ಅದನ್ನು ದಾಟಿ 201 ಆದರೆ ಪೂರ್ತಿ 201ಕ್ಕೂ ಕಟ್ಟಬೇಕು.

ಹೆಜ್ಜೆ 1: ಏಳು ದಿನದ ರೀಡಿಂಗ್

ಡಿಜಿಟಲ್ ಮೀಟರ್‌ನ ಪರದೆಯಲ್ಲಿ ದಿನಾಂಕ, ವೋಲ್ಟೇಜ್, ಗರಿಷ್ಠ ಲೋಡ್ ಎಲ್ಲವೂ ಒಂದಾದ ಮೇಲೊಂದು ಬರುತ್ತವೆ. ಬದಿಯಲ್ಲಿ ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಎಂದು ತೋರಿಸುವ ಸಂಖ್ಯೆಯನ್ನಷ್ಟೇ ಬರೆದುಕೊಳ್ಳಿ, ದಶಮಾಂಶವಿದ್ದರೆ ಅದನ್ನೂ ಸೇರಿಸಿ. ದಿನವೂ ಒಂದೇ ಹೊತ್ತಿಗೆ ನೋಡಬೇಕು. ಇಂದಿನದರಲ್ಲಿ ನಿನ್ನೆಯದನ್ನು ಕಳೆದರೆ ಆ ದಿನದ ಯೂನಿಟ್. ಬಟ್ಟೆ ಒಗೆಯುವುದು, ಇಸ್ತ್ರಿ ಎಲ್ಲ ಭಾನುವಾರಕ್ಕೇ ಉಳಿಯುವುದರಿಂದ ಆ ದಿನವನ್ನು ಬಿಡಬೇಡಿ. ಹಳೆಯ ಬಿಲ್ಲಿನಿಂದ ಲೆಕ್ಕ ತೆಗೆಯುವವರು ಕಣ್ಣು ಮುಚ್ಚಿ 30ರಿಂದ ಭಾಗಿಸದೆ, ಎರಡು ರೀಡಿಂಗ್‌ಗಳ ನಡುವಿನ ನಿಜವಾದ ದಿನಗಳನ್ನು ಎಣಿಸಿ ಭಾಗಿಸಬೇಕು.

ಹೆಜ್ಜೆ 2: ಮಿನುಗುವ ಕೆಂಪು ದೀಪ

ಮೀಟರ್ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ ಎಂದು ಮುದ್ರಿಸಿರುತ್ತಾರೆ. ಅನೇಕ ಮೀಟರ್‌ಗಳಲ್ಲಿ ಅದು 3200. ಪುಟ್ಟ ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಆಯಿತು. 10 ಸಲ ಮಿನುಗಲು ಎಷ್ಟು ಸೆಕೆಂಡ್ ಬೇಕು ಎಂದು ನೋಡಿ, 11,250ನ್ನು ಆ ಸೆಕೆಂಡ್‌ಗಳಿಂದ ಭಾಗಿಸಿ. 25 ಸೆಕೆಂಡ್ ಹಿಡಿದರೆ ಆ ಹೊತ್ತಿಗೆ ಮನೆ ಎಳೆಯುತ್ತಿರುವುದು 450 ವ್ಯಾಟ್. ಮೀಟರ್ 1600 ಇಂಪಲ್ಸಿನದಾದರೆ 11,250ರ ಬದಲು 22,500. ಬೇರೆಲ್ಲ ಆರಿಸಿ ಗೀಸರ್ ಮಾತ್ರ ಹಾಕಿ ನೋಡಿ, ಆರು ಸೆಕೆಂಡಿನೊಳಗೆ 10 ಮಿನುಗು ಮುಗಿಯುತ್ತದೆ. ಯಾವ ಉಪಕರಣ ಎಷ್ಟು ನುಂಗುತ್ತದೆ ಎಂದು ಮನೆಮಂದಿಗೆ ಮನವರಿಕೆ ಮಾಡಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹೆಜ್ಜೆ 3: ಉಪಕರಣವಾರು ಲೆಕ್ಕ

ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್. ನಾಲ್ವರಿರುವ, ಎಸಿ ಇಲ್ಲದ ಎರಡು ಕೋಣೆಯ ಮನೆಯೊಂದನ್ನು ತೆಗೆದುಕೊಳ್ಳೋಣ. 75 ವ್ಯಾಟ್‌ನ ಮೂರು ಹಳೆಯ ಸೀಲಿಂಗ್ ಫ್ಯಾನ್ ತಲಾ 8 ಗಂಟೆ ತಿರುಗಿದರೆ 1.8 ಯೂನಿಟ್. ಫ್ರಿಜ್‌ಗೆ ಸುಮಾರು 0.8. ಆರು ಎಲ್‌ಇಡಿ ಬಲ್ಬ್ 5 ಗಂಟೆ ಉರಿದರೆ 0.27. ಟಿವಿ 4 ಗಂಟೆಗೆ 0.28. ಸೆಟ್‌ಟಾಪ್ ಬಾಕ್ಸ್ ಮತ್ತು ವೈಫೈ ರೂಟರ್ ತಲಾ 10 ವ್ಯಾಟ್ ಅಷ್ಟೇ, ಆದರೆ 24 ಗಂಟೆಯೂ ಆನ್ ಇದ್ದರೆ ಎರಡೂ ಸೇರಿ 0.48, ಅಂದರೆ ಟಿವಿಗಿಂತ ಹೆಚ್ಚು. ಮಿಕ್ಸಿ, ಗ್ರೈಂಡರ್, ಅರ್ಧ ಎಚ್‌ಪಿ ಪಂಪ್, ವಾಷಿಂಗ್ ಮಷಿನ್, ಇಸ್ತ್ರಿ, ಲ್ಯಾಪ್‌ಟಾಪ್ ಮತ್ತು ಮೊಬೈಲ್ ಚಾರ್ಜರ್ ಎಲ್ಲ ಸೇರಿ 0.9ರ ಆಸುಪಾಸು. ಇಲ್ಲಿಯವರೆಗೆ ನಾಲ್ಕೂವರೆ ಯೂನಿಟ್.

ಇನ್ನು ಸ್ನಾನದ ನೀರು. 20 ಲೀಟರ್‌ನ ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು 0.47 ಯೂನಿಟ್ ಬೇಕು, ಟ್ಯಾಂಕ್‌ನ ನಷ್ಟ ಸೇರಿ ಅರ್ಧ ಎಂದಿಟ್ಟುಕೊಳ್ಳಿ. ನಾಲ್ಕು ಬಕೆಟ್‌ಗೆ 2 ಯೂನಿಟ್. ಗೀಸರ್ ಆಗಲಿ, ಕಾಯಿಲ್ ಆಗಲಿ ಈ ಲೆಕ್ಕ ಹೆಚ್ಚು ಬದಲಾಗದು, ಏಕೆಂದರೆ ನೀರು ಕೇಳುವ ಶಾಖ ಅಷ್ಟೇ. ಒಟ್ಟು ಆರೂವರೆ, 30 ದಿನಕ್ಕೆ 195. ಎರಡು ದಿನ ನೆಂಟರು ಬಂದರೂ 200 ದಾಟೀತು! ಕರಾವಳಿಯ ಬೇಸಿಗೆಯಲ್ಲಿ ಒಂದು ಟನ್ ಎಸಿಯನ್ನು ರಾತ್ರಿ 8 ಗಂಟೆ ಓಡಿಸುವವರು ಇದಕ್ಕೆ ಇನ್ನೂ 4ರಿಂದ 6 ಯೂನಿಟ್ ಸೇರಿಸಿಕೊಳ್ಳಬೇಕು.

ಹಾಗಾಗಿ ಕೈ ಹಾಕಬೇಕಾದ್ದು ಎರಡು ಕಡೆ. ಸೋಲಾರ್ ವಾಟರ್ ಹೀಟರ್ ಅಥವಾ ಹಂಡೆ ಒಲೆ ಇದ್ದರೆ ತಿಂಗಳಿಗೆ 60 ಯೂನಿಟ್‌ವರೆಗೆ ಉಳಿಯುತ್ತದೆ. ಇಲ್ಲದವರು ಎಲ್ಲರ ಸ್ನಾನ ಒಂದರ ಹಿಂದೊಂದು ಮುಗಿಸಿ ಗೀಸರ್ ಆರಿಸಲಿ. ದಿನವಿಡೀ ಆನ್ ಇಟ್ಟರೆ ಟ್ಯಾಂಕ್ ತಣಿಯುತ್ತ, ಮತ್ತೆ ಕಾಯುತ್ತ ಕರೆಂಟ್ ಸುಮ್ಮನೆ ಹೋಗುತ್ತದೆ. ಇನ್ನೊಂದು ಫ್ಯಾನ್. 75ರ ಜಾಗಕ್ಕೆ 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟರ್‌ನ) ಫ್ಯಾನ್ ಹಾಕಿದರೆ ನಮ್ಮ ಲೆಕ್ಕದ ಮನೆಯಲ್ಲಿ ತಿಂಗಳಿಗೆ 32 ಯೂನಿಟ್ ಕಡಿಮೆ. ಪ್ಲಗ್‌ಗೆ ಸಿಕ್ಕಿಸುವ ‘ವಿದ್ಯುತ್ ಉಳಿಸುವ’ ಪೆಟ್ಟಿಗೆಗೆ ದುಡ್ಡು ಸುರಿಯಬೇಡಿ. ಅದರೊಳಗೆ ಸಾಮಾನ್ಯವಾಗಿ ಇರುವುದು ಕೆಪಾಸಿಟರ್, ಅದರಿಂದ ಕೆಡಬ್ಲ್ಯೂಎಚ್ ಕಡಿಮೆಯಾಗದು. ಮನೆಯ ಬಿಲ್ ಬರುವುದು ಕೆಡಬ್ಲ್ಯೂಎಚ್ ಮೇಲೆಯೇ.

ಹೆಜ್ಜೆ 4: ಲೆಕ್ಕ ತಾಳೆಯಾಗದಿದ್ದರೆ

ಮೀಟರ್ ಹೇಳುವುದಕ್ಕೂ ನಿಮ್ಮ ಪಟ್ಟಿಗೂ ದಿನಕ್ಕೆ ಒಂದು ಯೂನಿಟ್‌ಗಿಂತ ಹೆಚ್ಚು ಅಂತರವಿದ್ದರೆ ಹುಡುಕಬೇಕು. ಮೊದಲು ಫ್ರಿಜ್. ಬಾಗಿಲಿನ ರಬ್ಬರ್‌ಗೆ ಕಾಗದದ ತುಂಡು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ. ತಂಪು ಸೋರಿ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ದಿನಕ್ಕೆ 2 ಯೂನಿಟ್‌ಗೂ ಮೇಲೆ ಹೋಗಬಹುದು. ಆಮೇಲೆ ಯುಪಿಎಸ್. ಬ್ಯಾಟರಿ ಹಳೆಯದಾಗಿದ್ದರೆ ಅಥವಾ ಡಿಸ್ಟಿಲ್ಡ್ ವಾಟರ್ ಇಳಿದಿದ್ದರೆ ಚಾರ್ಜಿಂಗ್ ಮುಗಿಯುವುದೇ ಇಲ್ಲ. ಬ್ಯಾಟರಿ ಮುಟ್ಟಿದರೆ ಬೆಚ್ಚಗಿರುವುದು ಅದರ ಗುರುತು.

ಬಳಿಕ ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೇನ್ ಮಾತ್ರ ಆನ್ ಇಟ್ಟು ಕೆಂಪು ದೀಪ ನೋಡಿ. ಮಿನುಗುತ್ತಲೇ ಇದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು. ಒಂದೇ ಕಟ್ಟಡದಲ್ಲಿ ನಾಲ್ಕಾರು ಮೀಟರ್ ಇರುವ ಕಡೆ ಇನ್ನೊಂದು ತೊಡಕಿದೆ. ಈಗಿನ ಬಹುತೇಕ ಮೀಟರ್‌ಗಳು ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಎರಡರ ಕರೆಂಟನ್ನೂ ಅಳೆದು, ಹೆಚ್ಚಿರುವುದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಮೇಲಿನ ಮನೆಯ ನ್ಯೂಟ್ರಲ್ ನಿಮ್ಮ ನ್ಯೂಟ್ರಲ್ ಜತೆ ಎಲ್ಲೋ ಸೇರಿಕೊಂಡಿದ್ದರೆ ಅವರ ಬಳಕೆಯ ಭಾರ ನಿಮ್ಮ ಬಿಲ್ಲಿಗೆ ಬೀಳುತ್ತದೆ. ಮೀಟರ್ ಮೇಲೆ ಅರ್ತ್ ಎಂದು ಗುರುತಿಸಿದ ದೀಪ ಸದಾ ಉರಿಯುತ್ತಿದ್ದರೆ ಈ ಅನುಮಾನ ಗಟ್ಟಿ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಬಿಡಿಸಿ. ಮೀಟರ್ ಸೀಲ್ ಮುಟ್ಟಲೇಬೇಡಿ.

ಕೊನೆಗೆ ಮೇನ್ ಸ್ವಿಚ್ ಆರಿಸಿದ ಮೇಲೂ ದೀಪ ಮಿನುಗಿದರೆ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ. ನಿಮ್ಮ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಮೀಟರ್ ಪರೀಕ್ಷೆಗಾಗಿ ಅರ್ಜಿ ಕೊಡುವಾಗ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಸಂಖ್ಯೆ) ಜತೆಗೆ ಏಳು ದಿನದ ರೀಡಿಂಗ್ ಪಟ್ಟಿಯನ್ನೂ ಲಗತ್ತಿಸಿ.